ನಾಲ್ಕು ಬೆರಳು ತೆರೆದ ಬಾಗಿಲು

ಮೊಣಕಾಲು ಹೋದ ಮೇಲೆ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ನಡೆಯುವುದಲ್ಲ, ಸಂಡಾಸಕ್ಕೆ ಕೂರುವುದು. ಕೂರುವುದಾದರೂ ಹೇಗೋ ಆಗುತ್ತಿತ್ತು. ಗೋಡೆ ಹಿಡಿದು, ಹಲ್ಲು ಕಚ್ಚಿ, ಮೈಯನ್ನು ಕೆಳಗೆ ಬಿಟ್ಟರೆ ತಾನೇ ಹೋಗಿ ಕೂರುತ್ತಿತ್ತು. ಏಳಲಾಗುತ್ತಿರಲಿಲ್ಲ. ಗಂಗಾವತಿಯ ಡಾಕ್ಟರು ಕಾಲಿನ ಫೋಟೋ ತೆಗೆಸಿ ನೋಡಿ, "ಅಮ್ಮಾ, ಇನ್ನ ಮ್ಯಾಲ ನೆಲಕ್ಕ ಕುಂದರಬ್ಯಾಡ್ರಿ" ಅಂದರು. ನಮ್ಮ ಮನೆಯಲ್ಲಿ ಉಣ್ಣುವುದು ನೆಲಕ್ಕೆ ಕೂತು, ರೊಟ್ಟಿ ಬಡಿಯುವುದು ನೆಲಕ್ಕೆ ಕೂತು, ಸಂಡಾಸದ ಬೇಸಿನ್ನೂ ನೆಲದಲ್ಲೇ. ಹಾಗಾದರೆ ಜೀವ ಇರುವತನಕ ನಿಂತೇ ಇರಲೇನು ಅಂತ ಕೇಳಿದೆ. ಅವರು ನಕ್ಕು ಗುಳಿಗೆ ಬರೆದುಕೊಟ್ಟರು.

ನನ್ನನ್ನು ಎತ್ತುವ ಕೆಲಸ ಸೊಸೆಯ ಪಾಲಿಗೆ ಬಂತು. ಮುಗಿದ ಮೇಲೆ ನಾನು ತಂಬಿಗೆಯಿಂದ ಬಕೀಟಿಗೆ ಬಡಿಯಬೇಕು. ಅವಳು ಒಳಗೆ ಬಂದು, ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು, ನನ್ನ ಎರಡೂ ಮಣಿಕಟ್ಟು ಹಿಡಿದು ಜಗ್ಗಬೇಕು. ಒಳ್ಳೆಯ ಹುಡುಗಿ. ಒಂದು ದಿನವೂ ಮೂಗು ಮುರಿಯಲಿಲ್ಲ. ಆದರೆ ಅವಳು ಭತ್ತದ ಗದ್ದೆಯ ಕೂಲಿಗೆ ಹೋಗುವವಳು. ಇನ್ನೂ ಸರಿಯಾಗಿ ಬೆಳಕಾಗುವ ಮುಂಚೆಯೇ ಕೂಲಿಯವರ ಟಂಟಂ ಓಣಿಯ ತುದಿಗೆ ಬಂದು ಹಾರ್ನ್ ಹಾಕುತ್ತದೆ. ಅಷ್ಟರೊಳಗೆ ನನ್ನದು ಮುಗಿದಿರಬೇಕು. ಬಂದರೂ ಸರಿ, ಬರದಿದ್ದರೂ ಸರಿ.

"ಅತ್ತಿ, ಆತೇನ್ರಿ?" ಅಂತ ಹೊರಗಿನಿಂದ ಕೇಳುತ್ತಿದ್ದಳು.

"ಇನ್ನಾ ಇಲ್ಲವ್ವ."

"ಗಾಡಿ ಬಂತ್ರಿ."

"ಗಾಡಿ ನನ್ನ ಹೊಟ್ಟಿ ಕೇಳಿ ಬರ್ತೈತೇನು?"

ಆಗದಿದ್ದರೆ ಎದ್ದುಬಿಡಬೇಕು. ಆಮೇಲೆ ಅವಳು ಬರುವವರೆಗೆ ತಡೆದುಕೊಂಡಿರಬೇಕು. ಮಗ ದೊಡ್ಡ ಗಂಡಸು, ಅವನನ್ನು ಇದಕ್ಕೆ ಕರೆಯಲಾಗದು. ಯಜಮಾನರು ಒಂದು ಸಲ ಎತ್ತಲು ಬಂದರು. ಅವರ ಮೈಯಲ್ಲಿ ಎಲುಬು ಬಿಟ್ಟರೆ ಏನಿದೆ, ನಾನು ಏಳುವ ಬದಲು ಅವರೇ ನನ್ನ ಮೇಲೆ ಬಿದ್ದರು. ಕೊನೆಗೆ ನಾನು ರಾತ್ರಿಯ ಊಟ ಬಿಟ್ಟೆ. ನೀರು ಕಡಿಮೆ ಮಾಡಿದೆ. ಯಾರಾದರೂ ಹಬ್ಬಕ್ಕೆ ಕರೆದರೆ, ಮದುವೆಗೆ ಕರೆದರೆ, ಮೊದಲು ನೆನಪಾಗುತ್ತಿದ್ದದ್ದು ಅವರ ಮನೆಯ ಸಂಡಾಸ. ಅಲ್ಲಿ ನನ್ನನ್ನು ಯಾರು ಎತ್ತುತ್ತಾರೆ? ಎಲ್ಲಿಗೂ ಹೋಗುವುದನ್ನು ನಿಲ್ಲಿಸಿದೆ.

ಮಗ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ತಂದು ಬೇಸಿನ್ನಿನ ಮೇಲೆ ಇಟ್ಟ. ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ಕುರ್ಚಿಯ ಒಂದು ಕಾಲು ಬೇಸಿನ್ನಿನೊಳಗೆ ಜಾರಿತು. ನನ್ನ ತಲೆ ಗೋಡೆಗೆ ಬಡಿಯಿತು, ಕುರ್ಚಿ ಸೀಳಿತು. ಅಲ್ಲಿಗೆ ಅದೂ ಮುಗಿಯಿತು.

ಅವತ್ತೇ ಸಂಜೆ ಮಗನಿಗೆ ಹೇಳಿದೆ, "ಕುರ್ಚಿ ಥರಾ ಇರ್ತೈತೆಲ್ಲ, ಕಮೋಡು, ಅದನ್ನ ಹಾಕಸಪಾ."

ಮಗ ಸೊಸೆಯ ಕಡೆ ನೋಡಿದ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ಎಲ್ಲಾರೂ ಅದರ ಮ್ಯಾಲೇ ಕುಂದರಬೇಕೇನ್ರಿ ಅತ್ತಿ?"

"ಮತ್ತ? ಇರೋದ ಒಂದು ಸಂಡಾಸ."

"ಮಾವಾರೂ?"

"ಅವರೂ."

ಅವಳು ಹಿಟ್ಟಿನ ಕೈಯಿಂದಲೇ ಸೆರಗು ಸರಿಮಾಡಿಕೊಂಡಳು. ಧ್ವನಿ ತಗ್ಗಿಸಿ, "ಮಾವಾರು ಬರೀ ಮೈಲೆ ಕುಂತದ್ದರ ಮ್ಯಾಲ ನಾ ಬರೀ ಮೈಲೆ ಹೆಂಗ ಕುಂದರ್ಲಿ?" ಅಂದಳು.

ಮಗ ಎದ್ದು ಹೊರಗೆ ಹೋದ. ಹೊರಗೆ ಕಟ್ಟೆಯ ಮೇಲೆ ಯಜಮಾನರು ಕೂತಿದ್ದರು. ಅವರಿಗೂ ಕೇಳಿಸಿರಬೇಕು, ಸುಮ್ಮನೆ ಒಂದು ಸಲ ಕೆಮ್ಮಿದರು.

ಕಾಲುವೆ ನೀರು ಬಂದ ನಮ್ಮ ಸಿದ್ದಾಪುರದ ಕಡೆಯ ಊರುಗಳಲ್ಲಿ ಈಗ ಇದನ್ನೆಲ್ಲ ಅಷ್ಟಾಗಿ ಹಿಡಿಯುವುದಿಲ್ಲ. ಸೊಸೆ ಯಲಬುರ್ಗಾ ಕಡೆಯ ಒಣಹೊಲದ ಊರಿನವಳು. ಮಾವ ಬಂದರೆ ಏಳುತ್ತಾಳೆ. ಅವರ ಕುರ್ಚಿ ಖಾಲಿ ಇದ್ದರೂ ಕೂರುವುದಿಲ್ಲ, ಅದರ ಮೇಲೆ ಮಡಚಿದ ಬಟ್ಟೆಯನ್ನೂ ಇಡುವುದಿಲ್ಲ. ಒಮ್ಮೆ ನನಗೆ ಜ್ವರ ಬಂದು, ಕುಷ್ಟಗಿಯ ಒಂದು ಮದುವೆಗೆ ಅವರಿಬ್ಬರೇ ಹೋಗಬೇಕಾಯಿತು. ಬಸ್ಸಿನಲ್ಲಿ ಉಳಿದದ್ದು ಮಾವನ ಪಕ್ಕದ ಒಂದೇ ಸೀಟು. ಕಂಡಕ್ಟರು, "ಕುಂದರಬೇ ತಂಗಿ, ಊರು ದೂರ ಐತಿ" ಅಂದರೆ, "ಕಾಲು ಹಿಡಕೊಂಡಾವ್ರಿ, ನಿಂತ್ರ ಛಲೋ" ಅಂದಳಂತೆ. ಗಂಗಾವತಿಯಿಂದ ಕುಷ್ಟಗಿಯವರೆಗೆ ಕಂಬಿ ಹಿಡಿದು ನಿಂತೇ ಹೋದಳು. ಈ ಸುದ್ದಿಯನ್ನು ಯಜಮಾನರು ನಾಲ್ಕು ಮಂದಿಗೆ ಹೇಳಿಕೊಂಡು ಹಿಗ್ಗಿದರು. ನಾನೂ ಹಿಗ್ಗಿದೆ. ಅಂಥ ಸೊಸೆ ಬೇಕು ಅಂತಲೇ ಹುಡುಕಿ ತಂದದ್ದು. ಈಗ ಅದೇ ನನ್ನ ಹೊಟ್ಟೆಗೆ ಅಡ್ಡ ಬಂತು.

"ಮುಂದಿನ ಸುಗ್ಗಿಗೆ ಇನ್ನೊಂದು ಸಂಡಾಸ ಕಟ್ಟಸೋಣ ಬಿಡು" ಅಂದ ಮಗ. ಎಲ್ಲಿ ಕಟ್ಟಿಸುತ್ತಾನೆ? ನಮ್ಮ ಮನೆಯ ಎಡಕ್ಕೂ ಬಲಕ್ಕೂ ಹಿಂದಕ್ಕೂ ಬೇರೆಯವರ ಗೋಡೆ. ಇರುವ ಸಂಡಾಸವೇ ಓಣಿಯ ಕಡೆ ಮುಖ ಮಾಡಿಕೊಂಡು, ಗಟಾರದ ಅಂಚಿಗೆ ನಿಂತಿದೆ. ಅವನಿಗೂ ಅದು ಗೊತ್ತಿತ್ತು.

ನನ್ನ ತಂಗಿಯ ಮಗಳು ಸಾಣಾಪುರದ ಕಡೆ ಒಂದು ಲಾಡ್ಜಿನಲ್ಲಿ ಕೋಣೆ ಗುಡಿಸುತ್ತಾಳೆ. ಅವಳು ಫೋನಿನಲ್ಲಿ ಮಾತಾಡುತ್ತ, ಲಾಡ್ಜಿನವರು ಹಳೆಯ ಕಮೋಡುಗಳನ್ನೆಲ್ಲ ಕಿತ್ತು ಬಾಳೆಯ ಗಿಡಗಳ ಕೆಳಗೆ ಸಾಲಾಗಿ ಇಟ್ಟಿದ್ದಾರೆ ಅಂದಳು. "ಯಾರೂ ಒಯ್ಯವಲ್ರು ದೊಡ್ಡವ್ವ. ನೋಡಿದ್ರ ಹಲ್ಲಿನ ಡಾಕ್ಟರ್ ಮುಂದ ಬಾಯಿ ತಕ್ಕೊಂಡು ಕುಂತಂಗ ಕಾಣ್ತಾವು." ನನಗೊಂದು ಕಳಿಸು ಅಂದೆ. ಬಾಳೆಗೊನೆಯ ಗಾಡಿಯಲ್ಲಿ ಹಾಕಿ ಕಳಿಸಿದಳು. ನೀರಿನ ಟಾಕಿ ಇರಲಿಲ್ಲ. ಅದೇನೂ ಬೇಕಿರಲಿಲ್ಲ, ಬಕೀಟಿನಿಂದ ಸುರಿದರೆ ಆಯಿತು. ಒಳಗೆ ಹಳದಿ ಕಲೆ ಇತ್ತು, ಎಲ್ಲೂ ಬಿರುಕಿರಲಿಲ್ಲ.

ಗಾಡಿ ಬಂದಾಗ ಮನೆಯಲ್ಲಿ ಯಜಮಾನರು ಮಾತ್ರ ಇದ್ದರು. ಡ್ರೈವರನ ಜೊತೆ ಕೈ ಹಚ್ಚಿ ಇಳಿಸಿಕೊಂಡರು.

"ನಿನಗ ಬುದ್ಧಿ ಕೆಟ್ಟೈತಿ" ಅಂದರು.

"ಮೊಣಕಾಲು ಕೆಟ್ಟಾವು" ಅಂದೆ.

ಅವರು ತೌಡಿನ ಚೀಲಗಳ ಹಿಂದೆ ಅದನ್ನು ಸರಿಸಿ, ಮೇಲೆ ಒಂದು ಗೋಣಿತಟ್ಟು ಹೊದಿಸಿದರು. ಎರಡು ದಿನ ಬಿಟ್ಟು ಗಂಗಾವತಿಗೆ ಹೋದಾಗ ನಾನು ಹೇಳಿದ ಅಳತೆಯ ಬಾಗಿದ ಪೈಪು, ಬೆಂಡು ಅನ್ನುತ್ತಾರಲ್ಲ, ಅದನ್ನೂ ತಂದುಕೊಟ್ಟರು, ಯಾರಿಗೋ ತಂದವರಂತೆ ಕಟ್ಟೆಯ ಮೇಲೆ ಇಟ್ಟು ಹೋದರು.

ಗಾರೆಯ ಕೆಲಸ ನನಗೆ ಹೊಸದಲ್ಲ. ವಯಸ್ಸಿದ್ದಾಗ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು ಏಳುತ್ತಿದ್ದ ಕಾಲಕ್ಕೆ ಗೌಂಡಿಗಳ ಕೈಕೆಳಗೆ ದುಡಿದಿದ್ದೇನೆ. ಉಸುಕು ಸಾಣಿಸಿದ್ದು, ಸಿಮೆಂಟು ಕಲಸಿದ್ದು, ಬುಟ್ಟಿ ಹೊತ್ತು ಏಣಿ ಹತ್ತಿದ್ದು ಎಲ್ಲ ನಾವೇ. ಗಾರೆ ಮೆತ್ತುವ ಕರಣಿ ಮಾತ್ರ ಹೆಣ್ಣಾಳಿನ ಕೈಗೆ ಕೊಡುತ್ತಿರಲಿಲ್ಲ. ಕಲಸುವುದು ಗೊತ್ತು, ಕೂರಿಸುವುದು ನೋಡಿ ಗೊತ್ತು. ಅಷ್ಟು ಸಾಕು ಅಂದುಕೊಂಡೆ.

ಒಂದೇ ದಿನಕ್ಕೆ ಬೇಸಿನ್ನು ಕೀಳಲು ನನ್ನಿಂದ ಆಗದು. ಅದಕ್ಕೆ ಎಲ್ಲರೂ ಹೋದ ಮೇಲೆ ದಿನವೂ ಬಕೀಟು ಬೋರಲು ಹಾಕಿ ಅದರ ಮೇಲೆ ಕೂತು, ಬಗ್ಗಿ, ಉಳಿ ಸುತ್ತಿಗೆಯಿಂದ ಬೇಸಿನ್ನಿನ ಸುತ್ತ ಒಂದಿಷ್ಟು ಕೆತ್ತುತ್ತಿದ್ದೆ. ಕೆತ್ತಿದ ಸಂದಿಗೆ ಹಸಿಮಣ್ಣು ಮೆತ್ತಿ ಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಸೊಸೆ, "ಅತ್ತಿ, ಬೇಸಿನ್ನು ಅಳ್ಳಾಡಾಕತ್ತೈತ್ರಿ" ಅಂದಳು.

"ಹಳೇದಾತು" ಅಂದೆ.

"ಕುಂತಾಗ ಹುಷಾರಿ ಇರ್ರಿ."

"ನೀನೂ ಇರು."

ಆ ಶುಕ್ರವಾರ ಮಗ ಟ್ರ್ಯಾಕ್ಟರ್ ತೆಗೆದುಕೊಂಡು ದೂರದ ಹೊಲಕ್ಕೆ ಹೋಗಿದ್ದ. ಸೊಸೆ ಟಂಟಂ ಹತ್ತಿದಳು. ಯಜಮಾನರು ಹೇಮಗುಡ್ಡದ ದೇವಿಗೆ ಕಾಯಿ ಒಡೆಸಲು ಬಸ್ಸಿಗೆ ಹೋದರು. ಹೋಗುವಾಗ ಸಂಡಾಸದ ಕಡೆ ನೋಡಿ, ನನ್ನ ಕಡೆ ನೋಡಿ, "ಕೈ ಕಾಲು ಮುರಕೋಬ್ಯಾಡ" ಅಂದರು.

ಬೇಸಿನ್ನು ಬಂತು, ಆದರೆ ಇಡಿಯಾಗಿ ಬರಲಿಲ್ಲ. ಉಳಿಯ ಏಟಿಗೆ ಎರಡು ಹೋಳಾಯಿತು. ಅದರ ಕೆಳಗಿನ ನೀರು ನಿಲ್ಲುವ ಬಾಯಿಯನ್ನೂ ಒಡೆದು ತೆಗೆದೆ. ಗುಂಡಿಯ ಗಾಳಿ ಗುಪ್ಪೆಂದು ಮುಖಕ್ಕೆ ಹೊಡೆಯಿತು. ಮೂಗಿಗೆ ಸೆರಗು ಕಟ್ಟಿಕೊಂಡೆ. ನಮ್ಮ ಮನೆಯವರದೇ, ಹೇಸಿಕೆ ಪಟ್ಟು ಏನು ಮಾಡುವುದು? ಬೆಂಡನ್ನು ಪೈಪಿಗೆ ಸಿಕ್ಕಿಸಿ ಬಾಯಿ ಮೇಲಕ್ಕೆ ಮಾಡಿ ನಿಲ್ಲಿಸಿದೆ. ಸುತ್ತ ಇಟ್ಟಿಗೆಯ ಚೂರು ತುಂಬಿ, ಕಲಸಿದ ಸಿಮೆಂಟು ಹಾಕಿದೆ. ಕಮೋಡನ್ನು ಎತ್ತಲಾಗುವುದಿಲ್ಲ. ಒಂದು ಮೂಲೆ ಆ ಕಡೆ, ಒಂದು ಮೂಲೆ ಈ ಕಡೆ ತಿರುಗಿಸುತ್ತ, ಜೋಳ ತುಂಬಿದ ನೆಲದ ಹಗೇವಿನ ಕಲ್ಲಿನ ಮುಚ್ಚಳ ಸರಿಸಿದ ಹಾಗೆ ಸರಿಸುತ್ತ ಒಳಗೆ ತಂದು ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದೆ.

ಅಷ್ಟರಲ್ಲಿ ಓಣಿಯಲ್ಲಿ ಹೋಗುವವರ ಕಾಟ ಶುರುವಾಯಿತು.

"ಏನ್ ಮಾಡಾಕತ್ತೀರಿ ಆಯಿ?"

"ಸಂಡಾಸ ತೊಳಿಯಾಕತ್ತೀನಿ."

"ಸುತ್ತಿಗಿಲೆ ತೊಳಿಯಾಕತ್ತೀರೇನು?"

ಇನ್ನೊಬ್ಬಳು ಬಂದಳು, "ಮಗ ಇಲ್ಲೇನು, ಫೋನ್ ಹಚ್ಚಲೇನು?" ಅಂದಳು. ಬೇಡ ಅಂದೆ. ಮೂರನೆಯ ದನಿ ಕೇಳಿದ ಕೂಡಲೇ ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದೆ.

ಆಮೇಲೆ ಕೆಲಸ ಚೆನ್ನಾಗಿ ನಡೆಯಿತು. ಕಮೋಡನ್ನು ಮುಂದಕ್ಕೆ ಸರಿಸಿ ಬೆಂಡಿನ ಬಾಯಿಗೆ ಅದರ ಬಾಯಿ ಕೂಡಿಸಿದೆ. ಕರಣಿ ಇಲ್ಲ, ಕೈಗೆ ಹಾಲಿನ ಪಾಕೀಟು ಸುತ್ತಿಕೊಂಡು ಬುಡದ ಸುತ್ತ ಸಿಮೆಂಟು ಮೆತ್ತಿದೆ. ಅಂಚಿನ ಮೇಲೆ ತಾಟಿನಲ್ಲಿ ನೀರು ಹಾಕಿ ಇಟ್ಟು, ನೀರು ಯಾವ ಕಡೆ ಓಡುತ್ತದೆ ನೋಡಿ ಸಮ ಮಾಡಿದೆ. ಚಂದ ಕೂತಿತು. ಕೈ ತೊಳೆದೆ. ಚಿಲಕ ತೆಗೆದು ಬಾಗಿಲು ಎಳೆದೆ.

ಬಾಗಿಲು ನಾಲ್ಕು ಬೆರಳಿನಷ್ಟು ಬಂತು. ಟಣ್ ಅಂತ ಕಮೋಡಿನ ಮೂತಿಗೆ ಬಡಿದು ನಿಂತಿತು.

ನಮ್ಮ ಸಂಡಾಸದ ಬಾಗಿಲು ಒಳಕ್ಕೆ ತೆರೆಯುತ್ತದೆ. ಹೊರಕ್ಕೆ ತೆರೆದರೆ ಓಣಿಯಲ್ಲಿ ಹೋಗುವವರಿಗೆ ಬಡಿಯುತ್ತದೆ ಅಂತ ಹಾಗೆ ಮಾಡಿಸಿದ್ದು. ನೆಲದ ಬೇಸಿನ್ನು ಇರುವಾಗ ಬಾಗಿಲು ಅದರ ಮೇಲಿಂದ ಸುಮ್ಮನೆ ತಿರುಗಿ ಹೋಗುತ್ತಿತ್ತು. ಕಮೋಡು ನೆಲದಲ್ಲಿ ಮಲಗುವ ವಸ್ತುವಲ್ಲ, ಎದ್ದು ನಿಲ್ಲುವ ವಸ್ತು. ಪೈಪು ಎಲ್ಲಿದೆ ನೋಡಿದ್ದೆ, ಬೆಂಡು ಎಷ್ಟು ಬೇಕು ನೋಡಿದ್ದೆ, ಅಂಚು ಸಮ ಇದೆಯೇ ನೋಡಿದ್ದೆ. ಬಾಗಿಲು ನೋಡಿರಲಿಲ್ಲ.

ಸಿಮೆಂಟು ಹಸಿಯಾಗಿತ್ತು. ಒಂದು ಸಲ ಜೋರಾಗಿ ದೂಡಿದ್ದರೆ ಕಮೋಡು ಹಿಂದಕ್ಕೆ ಹೋಗುತ್ತಿತ್ತು, ನಾನು ಹೊರಗೆ ಬರುತ್ತಿದ್ದೆ. ಕೈ ಇಟ್ಟೆ ಕೂಡ. ಇಟ್ಟು ತೆಗೆದೆ. ದೂಡಿದರೆ ಕೆಳಗಿನ ಬೆಂಡು ಬಿಚ್ಚುತ್ತದೆ. ಮನೆಯ ಮೆಟ್ಟಿಲು ಕಟ್ಟಿದಾಗ ಉಳಿದಿದ್ದ ಅರ್ಧ ಚೀಲ ಸಿಮೆಂಟು, ಅದರಲ್ಲೂ ಗಟ್ಟಿಯಾದದ್ದನ್ನು ಸಾಣಿಸಿ ತೆಗೆದು ಇಷ್ಟು ಮಾಡಿದ್ದೆ, ಇನ್ನು ಒಂದು ಮುಷ್ಟಿಯೂ ಇರಲಿಲ್ಲ. ಹಳೆಯ ಬೇಸಿನ್ನು ಹೋಳಾಗಿ ಮೂಲೆಯಲ್ಲಿ ಬಿದ್ದಿತ್ತು. ಕೂರದ ಕಮೋಡನ್ನು ಮಗ ನೋಡಿದರೆ ಹೊತ್ತು ತಿಪ್ಪೆಗೆ ಒಯ್ಯುತ್ತಾನೆ, ನಾಳೆ ಗೌಂಡಿ ಬಂದು ಇನ್ನೊಂದು ನೆಲದ ಬೇಸಿನ್ನು ಹಾಕುತ್ತಾನೆ. ಆಮೇಲೆ ನಾನು ಇರುವಷ್ಟು ದಿನ ತಂಬಿಗೆಯಿಂದ ಬಕೀಟು ಬಡಿಯುತ್ತಿರಬೇಕು. ಕೂತ ಕಮೋಡನ್ನು ಒಡೆಯಲು ಅವನಿಗೂ ಕೈ ಬಾರದು. ಸಿಮೆಂಟು ಹಿಡಿಯುವವರೆಗೆ ಒಳಗೇ ಇರಬೇಕು ಅಂತ ನಿಶ್ಚಯ ಮಾಡಿದೆ.

ಬಾಗಿಲಿನ ಬಿಜಾಗರಿಯ ಸ್ಕ್ರೂಗಳು ಒಳಗಡೆಯೇ ಇದ್ದವು. ಉಳಿಯಿಂದ ತಿರುಗಿಸಲು ನೋಡಿದೆ. ಅವು ನಕ್ಷತ್ರದ ಗುರುತಿನ ಸ್ಕ್ರೂಗಳು, ಉಳಿ ದಪ್ಪ, ಜಾರಿ ಕೈಗೆ ತಾಗಿತು. ಸುತ್ತಿಗೆಯಿಂದ ಬಾಗಿಲು ಒಡೆಯಬಹುದಿತ್ತು, ಆದರೆ ಆ ಇಕ್ಕಟ್ಟಿನಲ್ಲಿ ಒಂದೇಟು ತಪ್ಪಿದರೆ ಕಮೋಡಿಗೇ ಬೀಳುತ್ತಿತ್ತು. ಬಕೀಟು ಬೋರಲು ಹಾಕಿ ಕೂತೆ. ಒಂದು ಪಕ್ಕಕ್ಕೆ ಗೋಡೆ, ಇನ್ನೊಂದು ಪಕ್ಕಕ್ಕೆ ಕಮೋಡು. ಮೊಣಕಾಲು ಚಾಚಲು ಜಾಗವಿಲ್ಲ. ಮೇಲೆ ಗವಾಕ್ಷಿಯಿಂದ ಬಿಸಿಲಿನ ಒಂದು ತುಂಡು ಬಂದು ಗೋಡೆಯ ಮೇಲೆ ಕೂತಿತ್ತು. ಅದು ಗೋಡೆ ಇಳಿಯುವುದನ್ನು ನೋಡುತ್ತ ಕೂತೆ.

ಸ್ವಲ್ಪ ಹೊತ್ತಿಗೆ ನನಗೆ ಒಂದಕ್ಕೆ ಬಂತು. ಸಂಡಾಸದ ಒಳಗೆ ಕೂತು ತಡೆದುಕೊಳ್ಳುವ ಬಾಳು ನನ್ನದೊಂದೇ ಇರಬೇಕು. ಕಮೋಡಿನ ಮೇಲೆ ಭಾರ ಬಿಡುವಂತಿಲ್ಲ, ಬುಡ ಅಲುಗುತ್ತದೆ. ನೆಲಕ್ಕೆ ಕೂರಲಾಗುವುದಿಲ್ಲ. ತಡೆದೆ. ತಡೆಯುವುದು ನಮಗೆ ರೂಢಿ. ಸಂಡಾಸ ಇಲ್ಲದ ಕಾಲದಲ್ಲಿ ಕಾಲುವೆಯ ದಂಡೆಗೆ ಹೋಗುತ್ತಿದ್ದೆವು, ಯಾಕೆಂದರೆ ಉಳಿದ ಕಡೆಯೆಲ್ಲ ಗದ್ದೆ, ನೀರು. ಮೋಟಾರಿನ ಬೆಳಕು ಬಿದ್ದರೆ ಸಾಲಾಗಿ ಕೂತ ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು, ಹೋದ ಮೇಲೆ ಒಟ್ಟಿಗೆ ಕೂರುತ್ತಿದ್ದೆವು. ಆಗ ಏಳಲು ಬರುತ್ತಿತ್ತು.

ನಾಲ್ಕು ಬೆರಳಿನ ಸಂದಿಯಿಂದ ಓಣಿ ಕಾಣುತ್ತಿತ್ತು. ಕಾಲುಗಳು ಹೋದವು, ಸೈಕಲ್ಲು ಹೋಯಿತು, ಒಂದು ಕೋಳಿ ಬಂದು ನನ್ನನ್ನು ನೋಡಿ ಹೋಯಿತು. ಯಾರನ್ನೂ ಕೂಗಲಿಲ್ಲ. ಕೂಗಿದರೆ ನಾಲ್ಕು ಮಂದಿ ಸೇರಿ ಬಾಗಿಲು ದೂಡಿ ನನ್ನ ಜೀವ ಉಳಿಸಿಬಿಡುತ್ತಿದ್ದರು. ಆಗಾಗ ಬೆರಳಿನಿಂದ ಸಿಮೆಂಟು ಒತ್ತಿ ನೋಡುತ್ತಿದ್ದೆ. ಮೊದಲು ಬೆರಳು ಇಳಿಯುತ್ತಿತ್ತು. ಆಮೇಲೆ ಗುರುತು ಮಾತ್ರ ಬೀಳುತ್ತಿತ್ತು.

ಸೊಸೆ ಅವತ್ತು ಬೇಗ ಬಂದಳು. ಅವಸರದ ಹೆಜ್ಜೆ. ಕೊಡ ಎತ್ತಿದ ಸಪ್ಪಳ ಕೇಳಿತು, ಆಮೇಲೆ ಬಾಗಿಲ ಮುಂದೆ ಬಂದಳು.

"ಒಳಗ ಯಾರ್ರೀ?"

"ನಾ."

"ಅಯ್ಯ, ಅತ್ತಿ, ಒಬ್ಬರ ಹೆಂಗ ಕುಂತ್ರಿ? ಎತ್ತಬೇಕೇನ್ರಿ?"

"ಬ್ಯಾಡ. ಬಕೀಟಿನ ಮ್ಯಾಲ ಕುಂತೀನಿ."

"ಬಕೀಟಿನ ಮ್ಯಾಲ ಯಾಕ ಕುಂತೀರಿ? ಹೊರಗ ಬರ್ರಿ, ನನಗ ಅವಸರ ಐತಿ."

"ಬರಾಕ ಆಗಂಗಿಲ್ಲ."

ಅವಳು ಬಾಗಿಲು ದೂಡಿದಳು. ಟಣ್ ಅಂತು. "ಏ, ದೂಡಬ್ಯಾಡ, ದೂಡಬ್ಯಾಡ, ಹಸಿ ಐತಿ" ಅಂದೆ. ಅವಳು ಸಂದಿಗೆ ಕಣ್ಣು ಇಟ್ಟಳು.

"ಕುಂದ್ರಸೇ ಬಿಟ್ರಲ್ಲ" ಅಂದಳು.

"ಹೌದು."

"ನೆಲದ್ದು ಎಲ್ಲೈತಿ?"

"ಒಡದೀನಿ."

"ಮತ್ತ ನಾ ಈಗ ಎಲ್ಲಿಗೆ ಹೋಗ್ಲಿ?"

ಅವಳು ತಂಬಿಗೆ ಹಿಡಿದು ಆಚೆ ಮನೆಗೆ ಓಡಿದಳು.

ಅವಳು ತಿರುಗಿ ಬರುವಷ್ಟರಲ್ಲಿ ಯಜಮಾನರೂ ಬಂದಿದ್ದರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಒಡೆದ ಕಾಯಿ. ಸಂದಿಯಲ್ಲಿ ನನ್ನನ್ನು ನೋಡಿ, "ಕುಂತೈತೇನು?" ಅಂದರು. ಅವರು ಕೇಳಿದ್ದು ಕಮೋಡನ್ನು. "ಕುಂತೈತಿ" ಅಂದೆ. "ಮತ್ತ ನೀ?" ಅಂದರು. "ನಾನೂ ಕುಂತೀನಿ. ಮನ್ಯಾಗ ಟ್ರ್ಯಾಕ್ಟರ್ ಸಾಮಾನಿನ ಡಬ್ಬ್ಯಾಗ ಸ್ಕ್ರೂ ಡ್ರೈವರ್ ಐತಿ, ನಕ್ಷತ್ರದ್ದು. ಕೊಡ್ರಿ."

ಅದನ್ನು ತಂದವಳು ಸೊಸೆ. ಸಂದಿಯ ಹೊರಗೆ ಅದರ ಕೆಂಪು ಹಿಡಿ ಕಾಣುತ್ತಿತ್ತು. ಒಳಗೆ ಬರಲಿಲ್ಲ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಮಾವನಿಗೆ ಬೆನ್ನು ಮಾಡಿ, ಬಾಗಿಲಿಗೆ ಹೇಳಿದಳು, "ಅತ್ತಿ, ಮೊದಲ ಒಂದ್ ಮಾತ್ ಆಗ್ಲಿ. ನೀವು ಕುಂದರ್ರಿ, ನಾ ಬ್ಯಾಡ ಅನ್ನಂಗಿಲ್ಲ. ನಿಮ್ಮ ಮಗ ಕುಂದರ್ಲಿ. ಮಾವಾರು ಕುಂದರಬಾರದು. ಅವರು ಕುಂತ್ರ ನಾ ಅದನ್ನ ಮುಟ್ಟಂಗಿಲ್ಲ. ನಾ ದಿನಾ ಮಂದಿ ಮನಿ ಬಾಗಲಾ ಬಡಿಬೇಕಾಕ್ಕೈತಿ."

"ಅವರು ಅಲ್ಲೇ ನಿಂತಾರ. ಕೇಳು."

"ನಾ ಹೆಂಗ ಕೇಳ್ಲಿ? ನೀವ ಕೇಳ್ರಿ."

ಯಜಮಾನರು ಓಣಿಯ ಆಚೆಯ ಗೋಡೆ ನೋಡುತ್ತ ನಿಂತಿದ್ದರು. ನನಗೆ ಒಂದಕ್ಕೆ ತಡೆಯಲಾಗುತ್ತಿರಲಿಲ್ಲ. ಮೊಣಕಾಲು ಸೆಟೆದು ಹೋಗಿದ್ದವು. ಅವರನ್ನು ಕೇಳಬೇಕಿತ್ತು. ಕೇಳಲಿಲ್ಲ.

"ಕುಂದರಂಗಿಲ್ಲ. ನಾ ಮಾತ್ ಕೊಟ್ಟೆ" ಅಂದೆ.

"ಅವರು ಏನಂತಾರ?"

"ಅಕಿಗೆ ಹೇಳು" ಅಂದರು ಯಜಮಾನರು, ಗೋಡೆಗೆ. "ಆ ಕುರ್ಚಿ ನನಗ ಬ್ಯಾಡ. ನನ್ನ ಕಾಲು ಇನ್ನಾ ಗಟ್ಟಿ ಅದಾವು. ನಾ ಕಾಲವಿ ದಂಡಿಗೆ ಹೋಕ್ಕೀನಿ."

ಸ್ಕ್ರೂ ಡ್ರೈವರ್ ಸಂದಿಯಿಂದ ಒಳಗೆ ಬಂತು. ಹಿಡಿ ನನ್ನ ಕಡೆ ಮಾಡಿ ಕೊಟ್ಟಳು.

ಸ್ಕ್ರೂಗಳನ್ನು ಬಿಚ್ಚಿ, ಬಾಗಿಲನ್ನು ಓರೆ ಮಾಡಿ ಗೋಡೆಗೆ ಒರಗಿಸಿದೆ. ಅದರ ಪಕ್ಕದಿಂದ ಮೈ ತೂರಿಸಿಕೊಂಡು ಹೊರಗೆ ಬಂದೆ. ಬರುವಾಗ ಬುಡವನ್ನು ಇನ್ನೊಮ್ಮೆ ಒತ್ತಿದೆ. ಬೆರಳಿನ ಗುರುತೂ ಬೀಳಲಿಲ್ಲ.

ಸಂಜೆ ಮಗ ಬಂದು ನೋಡಿದ. ಬೈಯುತ್ತಾನೆ ಅಂದುಕೊಂಡಿದ್ದೆ. "ಯವ್ವಾ, ಬಾಗ್ಲಾ ಎಲ್ಲೈತಿ?" ಅಂತ ಮಾತ್ರ ಕೇಳಿದ. ಹೊರಕ್ಕೆ ತೆರೆಯುವ ಹಾಗೆ ಹಾಕಲು ಗಟಾರದ ಕಲ್ಲು ಅಡ್ಡ ಬಂತು. ಕೊನೆಗೆ ಒಂದು ಹಳೆಯ ಚಾದರ ಇಳಿಬಿಟ್ಟೆವು. ಈಗಲೂ ಅದೇ ಇದೆ. ಒಳಗಿದ್ದವರು ಕೆಮ್ಮಬೇಕು.

ಬುಡ ಪೂರ್ತಿ ಗಟ್ಟಿಯಾಗುವವರೆಗೆ ಎಲ್ಲರೂ ಆಚೆ ಮನೆಗೆ ಹೋದೆವು. ನನ್ನನ್ನು ಸೊಸೆ ಅಲ್ಲೂ ಎತ್ತಿದಳು. ಆಮೇಲೆ ಒಂದು ಬೆಳಿಗ್ಗೆ, ಟಂಟಂ ಹಾರ್ನ್ ಹಾಕಿ ಹೋಗಿಬಿಟ್ಟ ಮೇಲೆ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ನನಗೆ ಬೇಕಾದಾಗ ಹೋಗಿ ಕೂತೆ. ಯಾರೂ ಕೇಳಲಿಲ್ಲ ಆತೇನ್ರಿ ಅಂತ. ಗೋಡೆಗೆ ಕೈ ಕೊಟ್ಟು ಒಬ್ಬಳೇ ಎದ್ದೆ. ರಾತ್ರಿಯ ಊಟ ಮತ್ತೆ ಶುರು ಮಾಡಿದೆ. ಸೊಸೆ ಮೊದಮೊದಲು ಕಮೋಡಿನ ಅಂಚಿನ ಮೇಲೆ ಕಾಲಿಟ್ಟು ಹತ್ತಿ ಕೂರುತ್ತಿದ್ದಳು, ಅಂಚಿನಲ್ಲಿ ಗದ್ದೆಯ ಕೆಸರು ಇರುತ್ತಿತ್ತು. ಒಡೆದರೆ ತೊಡೆ ಸೀಳುತ್ತದೆ ಅಂತ ಹೇಳಿದೆ. ಆಮೇಲೆ ಒಂದು ತಂಬಿಗೆ ನೀರು ಸುರಿದು ಕೂರಲು ಕಲಿತಳು.

ಯಜಮಾನರು ಮಾತಿನಂತೆ ಕಾಲುವೆಯ ದಂಡೆಗೆ ಹೋಗುತ್ತಿದ್ದರು. ಮಳೆ ಬಂದಾಗ ಗೊಬ್ಬರದ ಚೀಲವನ್ನು ತಲೆಗೆ ಹಾಕಿಕೊಂಡು ಹೋದರು. ಒಮ್ಮೆ ಜಾರಿ ಬಿದ್ದು ಮೊಣಕೈ ಕೆತ್ತಿಸಿಕೊಂಡು ಬಂದರು. ನಾನು ಅರಿಶಿನ ಹಚ್ಚಿದೆ. ಊರಿನವರಿಗೆ, "ಬಯಲಾಗ ಗಾಳಿ ಛಲೋ ಇರ್ತೈತಿ" ಅಂತ ಹೇಳಿಕೊಂಡು ತಿರುಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಆ ದಂಡೆಯ ಪಕ್ಕದ ಜಾಗವನ್ನು ಯಾರೋ ಪ್ಲಾಟು ಮಾಡಲು ತೆಗೆದುಕೊಂಡರು. ತಂತಿಬೇಲಿ ಬಂತು, ಬೇಲಿಯೊಳಗೆ ಎರಡು ನಾಯಿ ಬಂದವು. ಒಂದು ಬೆಳಗಿನ ಜಾವ ಯಜಮಾನರು ಹೋದಷ್ಟೇ ಬೇಗ ತಿರುಗಿ ಬಂದರು. ತಂಬಿಗೆಯ ನೀರು ತುಂಬಿಯೇ ಇತ್ತು. ಮುಖ ಬೆವರಿತ್ತು. ಕಟ್ಟೆಯ ಹತ್ತಿರ ನಿಂತು ಚಾದರದ ಕಡೆ ನೋಡಿದರು.

"ಹೋಗ್ರಿ ಒಳಗ" ಅಂದೆ.

"ಮಾತ್ ಕೊಟ್ಟೈತಿ."

"ಕೊಟ್ಟಾಕಿ ನಾ. ನೀವು ಹೋಗ್ರಿ, ಅಕಿ ಇನ್ನಾ ಎದ್ದಿಲ್ಲ."

"ಅದರ ಮ್ಯಾಲ ಹೆಂಗ ಕುಂದರಬೇಕು?"

"ಬಸ್ಸಿನ್ಯಾಗ ಕುಂತಂಗ ಕುಂದರ್ರಿ."

ಅವರು ಒಳಗೆ ಹೋದರು. ನಾನು ಚಾದರದ ಮುಂದೆ ನಿಂತೆ, ಮುಖ ಮನೆಯ ಬಾಗಿಲ ಕಡೆ. ಅವರು ಹೊರಗೆ ಬಂದ ಮೇಲೆ ನಾಲ್ಕು ಬಕೀಟು ನೀರು ಹಾಕಿ, ತೊಳೆದು, ನನ್ನ ಹಳೆಯ ಕುಪ್ಪಸದಿಂದ ಒರೆಸಿ ಒಣಗಿಸಿದೆ. ಒದ್ದೆ ಇದ್ದರೆ ಯಾರೋ ಆಗಲೇ ಕೂತಿದ್ದಾರೆ ಅಂತ ಅವಳಿಗೆ ತಿಳಿಯುತ್ತದೆ.

ಅವತ್ತಿನಿಂದ ದಿನವೂ ಇದೇ ಆಯಿತು. ಕತ್ತಲಲ್ಲಿ ಅವರು ಎದ್ದರೆ ನಾನೂ ಏಳಬೇಕು. ಕಾವಲು ನಿಲ್ಲಬೇಕು, ತೊಳೆಯಬೇಕು, ಒರೆಸಬೇಕು. ಅವರಿಗೆ ಬೇಗ ಆಗುವುದಿಲ್ಲ, ವಯಸ್ಸು. ಒಳಗೆ ದೀಪ ಹಾಕುವಂತಿಲ್ಲ, ಕೆಮ್ಮುವಂತಿಲ್ಲ. ಸೊಸೆಯ ಬಳೆಯ ಸಪ್ಪಳಕ್ಕೆ ನನ್ನ ಜೀವ ಹಾರುತ್ತಿತ್ತು. ಚಾದರಕ್ಕೆ ಬಾಯಿ ಹಚ್ಚಿ, "ಆತೇನ್ರಿ?" ಅಂತ ಪಿಸುಗುಟ್ಟುತ್ತಿದ್ದೆ. "ಇನ್ನಾ ಇಲ್ಲ" ಅನ್ನುತ್ತಿದ್ದರು ಒಳಗಿನಿಂದ.

ಹೋದ ತಿಂಗಳು ಒಂದು ದಿನ ಸೊಸೆ ರೊಟ್ಟಿ ಬುತ್ತಿ ಕಟ್ಟುತ್ತ, ನನ್ನ ಕಡೆ ನೋಡದೆ ಹೇಳಿದಳು, "ಅತ್ತಿ, ನಾಳಿಂದ ನಾ ಎಲ್ಲಾರಕಿಂತ ಮೊದಲ ಎದ್ದು ಹೋಗಿ ಬಂದುಬಿಡ್ತೀನ್ರಿ. ಆಮ್ಯಾಲ ಯಾರು ಬೇಕಾದ್ರೂ ಹೋಗ್ಲಿ. ಸಂಜಿ ಮುಂದ ನಾ ಬಂದು ಎರಡು ಕೊಡ ನೀರು ಹಾಕ್ಕೋತೀನಿ. ನೀವು ಒರಸಬ್ಯಾಡ್ರಿ, ನಿಮ್ಮ ಕುಪ್ಪಸ ಹರದು ಹೋಗ್ಯಾವು."

"ಆತು" ಅಂದೆ.

ಅವಳು ಈಗ ಇನ್ನೂ ಮೂರನೇ ಜಾವದ ಕತ್ತಲಲ್ಲೇ ಏಳುತ್ತಾಳೆ. ಯಜಮಾನರು ಹೊರಸಿನ ಮೇಲೆ ಎಚ್ಚರಾಗಿ ಮಲಗಿ, ಅವಳ ಬಳೆ ಸಂಡಾಸಕ್ಕೆ ಹೋಗಿ ತಿರುಗಿ ಬರುವುದನ್ನು ಕಾಯುತ್ತಾರೆ. ಒಂದೊಂದು ದಿನ ತಡೆಯಲಾರದೆ ಮಗ್ಗುಲು ಬದಲಿಸುತ್ತಾರೆ, ಹೊರಸು ಕಿರುಗುಟ್ಟುತ್ತದೆ. ನಾನು ಅವರ ಪಕ್ಕದ ಇನ್ನೊಂದು ಹೊರಸಿನ ಮೇಲೆ ಕಣ್ಣು ಬಿಟ್ಟುಕೊಂಡು ಇರುತ್ತೇನೆ. ನನಗೆ ಬೆಳಿಗ್ಗೆಯವರೆಗೆ ಯಾವ ಅವಸರವೂ ಇಲ್ಲ, ಆದರೆ ನಿದ್ದೆ ಬರುವುದಿಲ್ಲ.